ಕೈಬಿಟ್ಟು ಹಾರಿದ ಲಾರೆನ್ಸ್

1914ರ ಜೂನ್ 18. ಪ್ಯಾರಿಸ್ ಹೊರವಲಯದ ಬೆಜಾನ್ ಬಳಿ ಸೀನ್ ನದಿಯ ದಂಡೆಯಲ್ಲಿ ಜನ ಕಿಕ್ಕಿರಿದಿದ್ದರು. ವಿಮಾನ ಹುಟ್ಟಿ ಆಗಿನ್ನೂ ಹನ್ನೊಂದನೇ ವರ್ಷ. ಎಲ್ಲೆಡೆ ವೇಗದ, ಎತ್ತರದ ಸ್ಪರ್ಧೆಗಳು ನಡೆಯುತ್ತಿದ್ದ ಕಾಲ. ಆದರೆ ಅಂದು ಅಲ್ಲಿದ್ದದ್ದು ಸುರಕ್ಷತೆಯ ಸ್ಪರ್ಧೆ. ವಿಮಾನವನ್ನು ಅಪಾಯದಿಂದ ಪಾರು ಮಾಡುವ ಉಪಕರಣ ಯಾರ ಬಳಿ ಇದೆಯೋ ಅವರು ಹಾರಿಸಿ ತೋರಿಸಬೇಕು. ಮೊದಲ ಬಹುಮಾನ 50,000 ಫ್ರಾಂಕ್.

ಐವತ್ತಕ್ಕೂ ಹೆಚ್ಚು ಸ್ಪರ್ಧಿಗಳಿದ್ದರು. ಅವರಲ್ಲಿ ಅಮೆರಿಕದಿಂದ ಬಂದಿದ್ದ ಇಪ್ಪತ್ತೊಂದರ ಹುಡುಗ ಲಾರೆನ್ಸ್ ಸ್ಪೆರ್ರಿಯೂ ಒಬ್ಬ. ಆತನದು ಕರ್ಟಿಸ್ ಕಂಪನಿಯ ಹಾರುವ ದೋಣಿ, ಅಂದರೆ ನೀರಿನ ಮೇಲಿಂದ ಏರಿ ನೀರಿನ ಮೇಲೇ ಇಳಿಯುವ ವಿಮಾನ. ಜೊತೆಗೆ ಎಮಿಲ್ ಕಶಾಂ ಎಂಬ ಫ್ರೆಂಚ್ ಮೆಕ್ಯಾನಿಕ್. ವಿಮಾನ ತೀರ್ಪುಗಾರರ ಮುಂದೆ ಹಾದುಹೋದಾಗ ಲಾರೆನ್ಸ್ ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಕುಳಿತಿದ್ದ. ವಿಮಾನ ನೇರವಾಗಿ ಹಾರುತ್ತಲೇ ಇತ್ತು. ಎರಡನೇ ಸುತ್ತಿನಲ್ಲಿ ಕಶಾಂ ಎದ್ದು ರೆಕ್ಕೆಯ ಮೇಲೆ ನಡೆದು ಹೋದ. ಒಂದು ಕಡೆ ಭಾರ ಬಿದ್ದು ವಿಮಾನ ಚೂರು ವಾಲಿತು, ಮರುಕ್ಷಣ ತಾನೇ ನೇರವಾಯಿತು. ಮೂರನೇ ಸುತ್ತಿನಲ್ಲಿ ಇಬ್ಬರೂ ಒಬ್ಬೊಬ್ಬರು ಒಂದೊಂದು ರೆಕ್ಕೆಯ ಮೇಲಿದ್ದರು. ಚಾಲಕನ ಸೀಟು ಖಾಲಿ! ದಂಡೆಯ ಮೇಲಿದ್ದ ಜನರ ನಡುವೆ ಲಾರೆನ್ಸ್‌ನ ಅಪ್ಪ ಅಮ್ಮನೂ ನಿಂತು ಇದನ್ನು ನೋಡುತ್ತಿದ್ದರು. ಬಹುಮಾನ ಯಾರಿಗೆ ಹೋಯಿತೆಂದು ಬೇರೆ ಹೇಳಬೇಕಿಲ್ಲ.

ನಾನು ಬಿ.ಇ. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ. ನಮ್ಮ ಮೊಬೈಲ್‌ನಲ್ಲೂ ಡ್ರೋನ್‌ನಲ್ಲೂ ಇರುವ ಗೈರೊಸ್ಕೋಪ್ ಸೆನ್ಸರ್ ಬಗ್ಗೆ ಸೆಮಿನಾರ್‌ಗೆ ತಯಾರಿ ಮಾಡುವಾಗ ಈ ಹೆಸರು ಸಿಕ್ಕಿತು. ಮೊದಲು ಸೆಳೆದದ್ದು ಆತನ ಸಾಹಸ. ಆಮೇಲೆ ಓದುತ್ತಾ ಹೋದಂತೆ ಗೊತ್ತಾಯಿತು, ಈತ ಬರೀ ಸಾಹಸಿಯಲ್ಲ, ಒಳ್ಳೆಯ ಟೆಸ್ಟ್ ಎಂಜಿನಿಯರ್ ಕೂಡ. ತಾನೇ ತೀರ್ಮಾನ ತೆಗೆದುಕೊಳ್ಳುವ ಯಂತ್ರವನ್ನು ನಂಬುವ ಮೊದಲು ಅದನ್ನು ಹೇಗೆಲ್ಲ ಪರೀಕ್ಷಿಸಬೇಕು ಎಂಬ ಪ್ರಶ್ನೆ ಇವತ್ತು ಸ್ವಯಂಚಾಲಿತ ಕಾರು, ಡ್ರೋನ್, ಕಾರ್ಖಾನೆಯ ರೋಬೊಗಳ ಮುಂದೆ ಇದೆ. ಅದೇ ಪ್ರಶ್ನೆ ನೂರು ವರ್ಷಗಳ ಹಿಂದೆ ಈ ಹುಡುಗನ ಮುಂದೆ ಇತ್ತು.

ಕಿಟಕಿ ಕಿತ್ತ ಹುಡುಗ

ಲಾರೆನ್ಸ್ ಬರ್ಸ್ಟ್ ಸ್ಪೆರ್ರಿ ಹುಟ್ಟಿದ್ದು 1892ರ ಡಿಸೆಂಬರ್ 21ರಂದು, ಶಿಕಾಗೊದಲ್ಲಿ. ತಂದೆ ಎಲ್ಮರ್ ಸ್ಪೆರ್ರಿ ಆ ಕಾಲದ ದೊಡ್ಡ ಸಂಶೋಧಕರು. ನೂರಾರು ಪೇಟೆಂಟ್‌ಗಳು ಅವರ ಹೆಸರಿನಲ್ಲಿದ್ದವು. ಹಡಗುಗಳಿಗೆ ದಿಕ್ಕು ತೋರಿಸುವ ಗೈರೊ ದಿಕ್ಸೂಚಿಯನ್ನು ರೂಪಿಸಿ, 1911ರಲ್ಲಿ ಅಮೆರಿಕದ ಯುದ್ಧನೌಕೆ ಡೆಲವೇರ್ ಮೇಲೆ ಪರೀಕ್ಷಿಸಿ ಗೆದ್ದವರು ಅವರು. 1910ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಸ್ಪೆರ್ರಿ ಗೈರೊಸ್ಕೋಪ್ ಕಂಪನಿ ಶುರುಮಾಡಿದರು.

ಮಗನಿಗೆ ಓದಿಗಿಂತ ವಿಮಾನದ ಹುಚ್ಚು. ಅಪ್ಪ ಅಮ್ಮ ಊರಲ್ಲಿಲ್ಲದಾಗ ಬ್ರೂಕ್ಲಿನ್‌ನ ಮನೆಯೊಳಗೇ ಗ್ಲೈಡರ್ ಕಟ್ಟಿದ. ಕಟ್ಟಿ ಮುಗಿದ ಮೇಲೆ ಅದು ಬಾಗಿಲಿನಲ್ಲಿ ಹಿಡಿಸಲಿಲ್ಲ. ಕಿಟಕಿಯನ್ನೇ ಚೌಕಟ್ಟು ಸಮೇತ ಕಿತ್ತು ಹೊರಗೆ ಸಾಗಿಸಿದ. ನಮ್ಮಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಮನೆಯಲ್ಲಿ ಏನಾಗುತ್ತಿತ್ತೆಂದು ನೀವೇ ಊಹಿಸಿ! ಎಲ್ಮರ್ ಅವರು ಮಗನನ್ನು ಕೊನೆಗೆ ತಮ್ಮ ಕೆಲಸದೊಳಗೇ ಎಳೆದುಕೊಂಡರು. ಹಡಗಿಗೆ ಮಾಡಿದ್ದನ್ನು ವಿಮಾನಕ್ಕೂ ಮಾಡಬಹುದೇ ಎಂದು ನೋಡುವ ಹೊಣೆ ಲಾರೆನ್ಸ್ ಹೆಗಲಿಗೆ ಬಿತ್ತು.

ಬುಗುರಿಯ ಬಲ

ಆಗಿನ ವಿಮಾನ ಓಡಿಸುವುದೆಂದರೆ ಹಗ್ಗದ ಮೇಲಿನ ನಡಿಗೆ. ಗಾಳಿ ಸ್ವಲ್ಪ ಜೋರಾಗಿ ಬೀಸಿದರೂ ರೆಕ್ಕೆ ವಾಲುತ್ತಿತ್ತು. ಪೈಲಟ್ ಪ್ರತಿ ಕ್ಷಣ ಸರಿಪಡಿಸುತ್ತಲೇ ಇರಬೇಕು. ದಣಿದರೆ, ಗಮನ ತಪ್ಪಿದರೆ ಜೀವ ಹೋಯಿತು. ಹಾಗೆ ಸತ್ತ ಪೈಲಟ್‌ಗಳು ಆ ವರ್ಷಗಳಲ್ಲಿ ಬಹಳ.

ಸ್ಪೆರ್ರಿ ಅಪ್ಪ ಮಗನ ಉತ್ತರ ಬುಗುರಿಯಲ್ಲಿತ್ತು. ಜೋರಾಗಿ ತಿರುಗುವ ಬುಗುರಿ ಬೀಳುವುದಿಲ್ಲ. ತನ್ನ ಅಕ್ಷದ ದಿಕ್ಕನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಗೈರೊಸ್ಕೋಪ್ ಎಂದರೆ ಚೌಕಟ್ಟಿನೊಳಗೆ ಅತಿ ವೇಗವಾಗಿ ತಿರುಗುವ ಅಂಥದ್ದೇ ಚಕ್ರ. ಲಾರೆನ್ಸ್ ಕೆಲಸ ಮಾಡಿದ ಯಂತ್ರದಲ್ಲಿ ಇಂಥ ನಾಲ್ಕು ಗೈರೊಗಳಿದ್ದವು. ವಿಮಾನ ಎತ್ತ ವಾಲಿದರೂ ಅವು ಹಿಡಿದಿಟ್ಟ ತಳಹದಿ ಮಾತ್ರ ನೆಲಕ್ಕೆ ಸಮನಾಗಿ ಉಳಿಯುತ್ತಿತ್ತು. ವಿಮಾನಕ್ಕೂ ಆ ತಳಹದಿಗೂ ನಡುವೆ ಎಷ್ಟು ವ್ಯತ್ಯಾಸ ಬಂತೆಂದು ಅಳೆದು, ಅದಕ್ಕೆ ತಕ್ಕಂತೆ ರೆಕ್ಕೆಯ ಮತ್ತು ಬಾಲದ ಪಟ್ಟಿಗಳನ್ನು ಯಂತ್ರವೇ ಎಳೆಯುತ್ತಿತ್ತು. ವ್ಯತ್ಯಾಸ ಶೂನ್ಯವಾಗುವವರೆಗೆ ಸರಿಪಡಿಸುತ್ತಲೇ ಇರುವುದು; ನಾವು ಕಂಟ್ರೋಲ್ ಸಿಸ್ಟಮ್ಸ್ ಪಾಠದಲ್ಲಿ ಬಾಯಿಪಾಠ ಮಾಡುವ ಫೀಡ್‌ಬ್ಯಾಕ್ ಅಂದರೆ ಇದೇ. ಇಡೀ ಯಂತ್ರದ ತೂಕ ಸುಮಾರು 18 ಕೆ.ಜಿ.

ಇದನ್ನು ನೇರವಾಗಿ ಪ್ಯಾರಿಸ್‌ಗೆ ಒಯ್ದು ಹಾರಿಸಿದ್ದಲ್ಲ. 1913ರಲ್ಲಿ ನ್ಯೂಯಾರ್ಕ್ ರಾಜ್ಯದ ಹ್ಯಾಮಂಡ್ಸ್‌ಪೋರ್ಟ್‌ನಲ್ಲಿ, ಗ್ಲೆನ್ ಕರ್ಟಿಸ್ ಅವರ ವಿಮಾನಗಳಿದ್ದ ಜಾಗದಲ್ಲಿ ಪರೀಕ್ಷೆಗಳು ನಡೆದವು. ಆ ವರ್ಷದ ಆಗಸ್ಟ್ 30ರಂದು ನೌಕಾಪಡೆಯ ಪೈಲಟ್ ಪ್ಯಾಟ್ರಿಕ್ ಬೆಲಿಂಜರ್ ಅವರು ಯಂತ್ರವನ್ನು ವಿಮಾನದಲ್ಲಿಟ್ಟು ಹಾರಿಸಿ ನೋಡಿದರು. ಅಂದರೆ ತಯಾರಿಸಿದವರಲ್ಲದೆ ಹೊರಗಿನವರೊಬ್ಬರ ಕೈಯಲ್ಲೂ ಅದು ಕೆಲಸ ಮಾಡಬೇಕಿತ್ತು. ಪರೀಕ್ಷೆಯ ಮಟ್ಟಿಗೆ ಇದು ದೊಡ್ಡ ಮಾತು.

ಮೂರು ಸುತ್ತು, ಮೂರು ಪ್ರಶ್ನೆ

ಈಗ ಸೀನ್ ನದಿಯ ಮೇಲಿನ ಮೂರು ಸುತ್ತುಗಳನ್ನು ಟೆಸ್ಟ್ ಎಂಜಿನಿಯರ್ ಕಣ್ಣಿನಿಂದ ನೋಡೋಣ. ಮೊದಲ ಸುತ್ತಿನ ಪ್ರಶ್ನೆ: ಎಲ್ಲ ಸರಿಯಿದ್ದಾಗ ಯಂತ್ರ ಕೆಲಸ ಮಾಡುತ್ತದೆಯೇ? ಎರಡನೆಯದರ ಪ್ರಶ್ನೆ: ನಾವೇ ಬೇಕೆಂದು ತೊಂದರೆ ಕೊಟ್ಟರೆ ಸುಧಾರಿಸಿಕೊಳ್ಳುತ್ತದೆಯೇ? ಮೆಕ್ಯಾನಿಕ್ ರೆಕ್ಕೆಯ ಮೇಲೆ ನಡೆದದ್ದು ಸರ್ಕಸ್ಸಿನಂತೆ ಕಂಡರೂ, ಅದು ವಿಮಾನದ ಒಂದು ಬದಿಗೆ ಗೊತ್ತಿರುವಷ್ಟು ಭಾರ ಹೇರಿ ನೋಡಿದ ಪರೀಕ್ಷೆ. ಮೂರನೆಯದರ ಪ್ರಶ್ನೆ: ಮನುಷ್ಯ ಪೂರ್ತಿ ದೂರ ಸರಿದರೆ?

ಈ ಕ್ರಮ ಮುಖ್ಯ. ಮೊದಲ ಸುತ್ತಿನಲ್ಲಿ ಕೈ ಮೇಲಿದ್ದರೂ ಹಿಡಿಕೆ ಹತ್ತಿರವೇ ಇತ್ತು. ಎರಡನೆಯದರಲ್ಲೂ ಒಬ್ಬ ಸೀಟಿನಲ್ಲಿದ್ದ. ಹಿಂದಿನ ಮೆಟ್ಟಿಲು ಗಟ್ಟಿಯಾಗಿದೆ ಎಂದು ಖಾತ್ರಿಯಾದ ಮೇಲಷ್ಟೇ ಮುಂದಿನದಕ್ಕೆ ಕಾಲಿಟ್ಟರು. ಸ್ಪರ್ಧೆಯ ನಂತರ ಫ್ರೆಂಚ್ ಸೈನ್ಯದ ಅಧಿಕಾರಿ ಬಾರೆಸ್ ತಾವೂ ವಿಮಾನ ಹತ್ತಿ ನೋಡಿದರು. ಅದೇ ವರ್ಷದ ಕಾಲಿಯರ್ ಟ್ರೋಫಿ ಎಲ್ಮರ್ ಸ್ಪೆರ್ರಿ ಅವರಿಗೆ ಬಂತು. ಆದರೆ ಪತ್ರಿಕೆಗಳಲ್ಲಿ ಲಾರೆನ್ಸ್ ಹೆಸರು ಮೆರೆದು ಎರಡು ತಿಂಗಳಾಗುವಷ್ಟರಲ್ಲಿ ಯುರೋಪ್ ಮಹಾಯುದ್ಧಕ್ಕೆ ಬಿದ್ದಿತ್ತು.

ಕಾರಿನ ನೆತ್ತಿಯ ಮೇಲೆ ವಿಮಾನ

ಯುದ್ಧ ಬಂದರೆ ಜೀವ ಉಳಿಸುವ ಯಂತ್ರಕ್ಕೂ ಬೇರೆ ಕೆಲಸ ಹಚ್ಚುತ್ತಾರೆ. ಪೈಲಟ್ ಇಲ್ಲದೆ ಹಾರಿ, ಗೊತ್ತುಮಾಡಿದ ದೂರ ಹೋಗಿ ಬೀಳುವ ಹಾರುಬಾಂಬ್ ಮಾಡುವ ಯೋಜನೆ ಹುಟ್ಟಿತು. ಪೀಟರ್ ಕೂಪರ್ ಹೆವಿಟ್ ಮತ್ತು ಎಲ್ಮರ್ ಸ್ಪೆರ್ರಿ ಇದರ ಹಿಂದಿದ್ದರು. ಹಾರಾಟದ ಪರೀಕ್ಷೆಗಳು ಲಾರೆನ್ಸ್‌ನ ಪಾಲು. ಅದು ಕೊಲ್ಲುವ ಆಯುಧ ಎಂಬುದನ್ನು ಮರೆಮಾಚಿ ಬರೆಯುವುದು ಸರಿಯಲ್ಲ. ಆದರೆ ಮನುಷ್ಯನಿಲ್ಲದ ವಿಮಾನದ ಪರೀಕ್ಷೆ ಎಂಬ ವಿದ್ಯೆ ಮೊಳೆತದ್ದು ಇಲ್ಲೇ.

1917ರಲ್ಲಿ ಅಮೆರಿಕದ ನೌಕಾಪಡೆ ಹಣ ಕೊಟ್ಟಿತು, ಎನ್-9 ಎಂಬ ತರಬೇತಿ ವಿಮಾನಗಳನ್ನೂ ಕೊಟ್ಟಿತು. ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನ ಕೋಪೇಗ್ ಎಂಬಲ್ಲಿ ಸೆಪ್ಟೆಂಬರ್‌ನಿಂದ ಹಾರಾಟ ಶುರು. ಮೊದಮೊದಲು ಪ್ರತಿ ವಿಮಾನದಲ್ಲೂ ಪೈಲಟ್ ಇರುತ್ತಿದ್ದ. ಆತ ನೆಲದಿಂದ ಏರಿಸುತ್ತಿದ್ದ, ಆಮೇಲೆ ಯಂತ್ರಕ್ಕೆ ಬಿಟ್ಟು ಸುಮ್ಮನೆ ಕೂರುತ್ತಿದ್ದ, ಎಡವಟ್ಟಾದರೆ ಮಾತ್ರ ಕೈಹಾಕುತ್ತಿದ್ದ. ಹೀಗೆ ನೂರಕ್ಕೂ ಹೆಚ್ಚು ಹಾರಾಟಗಳಾದವು. ಸ್ವಯಂಚಾಲಿತ ಕಾರುಗಳ ಪರೀಕ್ಷೆಯಲ್ಲಿ ಸ್ಟೀರಿಂಗ್ ಹಿಂದೆ ಕೂರುವ ಸೇಫ್ಟಿ ಡ್ರೈವರ್‌ಗೆ ಇವತ್ತು ಇರುವುದೂ ಇದೇ ಕೆಲಸ.

ಆ ಕೆಲಸ ಎಷ್ಟು ಮುಖ್ಯ ಎಂಬುದಕ್ಕೆ ಒಂದು ದುಃಖದ ಉದಾಹರಣೆ ಇದೆ. 2018ರ ಮಾರ್ಚ್‌ನಲ್ಲಿ ಅಮೆರಿಕದ ಅರಿಜೋನಾದ ಟೆಂಪಿ ನಗರದಲ್ಲಿ ಊಬರ್‌ನ ಪರೀಕ್ಷಾ ಕಾರು ರಾತ್ರಿ ರಸ್ತೆ ದಾಟುತ್ತಿದ್ದ ಮಹಿಳೆಗೆ ಡಿಕ್ಕಿ ಹೊಡೆದು ಅವರು ಮೃತಪಟ್ಟರು. ಸೇಫ್ಟಿ ಡ್ರೈವರ್ ಕಣ್ಣು ಮೊಬೈಲ್ ಮೇಲಿತ್ತು. ಎದುರಿಗಿರುವುದು ಏನೆಂದು ಕಾರಿನ ಸಾಫ್ಟ್‌ವೇರ್‌ಗೆ ಸಮಯಕ್ಕೆ ತಿಳಿಯಲಿಲ್ಲ. ಕಾರಿನ ಕಂಪನಿ ಅಳವಡಿಸಿದ್ದ ತುರ್ತು ಬ್ರೇಕ್ ವ್ಯವಸ್ಥೆಯನ್ನು ಪರೀಕ್ಷೆಯ ಹೊತ್ತಿನಲ್ಲಿ ಕೆಲಸ ಮಾಡದಂತೆ ಇಡಲಾಗಿತ್ತು. ಯಂತ್ರ ಸಾಕಷ್ಟು ಸಲ ಸರಿಯಾಗಿ ನಡೆದುಕೊಂಡರೆ ಮನುಷ್ಯನ ಗಮನ ತಾನಾಗಿ ಸಡಿಲಾಗುತ್ತದೆ. ಹಾಗಾಗಿ ಪರೀಕ್ಷೆ ಎಂದರೆ ಯಂತ್ರದ ಜೊತೆಗೆ ಅದನ್ನು ಕಾಯುವ ಮನುಷ್ಯನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಲಾರೆನ್ಸ್ ಕಥೆಗೆ ಮರಳೋಣ. ಪೈಲಟ್ ಇದ್ದಾಗ ಚೆನ್ನಾಗಿದ್ದ ವ್ಯವಸ್ಥೆ, ಪೈಲಟ್ ಇಲ್ಲದ ಪುಟ್ಟ ವಿಮಾನವನ್ನು ಚಿಮ್ಮಿಸಲು ಹೋದಾಗ ಕೈಕೊಟ್ಟಿತು. 1917ರ ಕೊನೆ, 1918ರ ಆರಂಭದಲ್ಲಿ ಒಂದಾದ ಮೇಲೊಂದು ವಿಮಾನ ಏಳುವಾಗಲೇ ಬಿತ್ತು. ತಪ್ಪು ಗೈರೊಗಳದ್ದೋ, ಚಿಮ್ಮಿಸುವ ಯಂತ್ರದ್ದೋ, ಹೊಸ ವಿಮಾನದ್ದೇ ಸ್ವಭಾವವೋ ತಿಳಿಯುತ್ತಿರಲಿಲ್ಲ. ಲಾರೆನ್ಸ್ ತಾನೇ ಆ ವಿಮಾನದಲ್ಲಿ ಕೂತು ಏರಿಸಲು ಹೋದ. ವಿಮಾನ ಮುರಿಯಿತು, ಆತ ಬದುಕಿಕೊಂಡ.

ಆಗ ಅವರು ಕಂಡುಕೊಂಡ ಉಪಾಯ ನನಗೆ ಇಡೀ ಕಥೆಯಲ್ಲೇ ಅತಿ ಇಷ್ಟವಾದದ್ದು. ಮಾರ್ಮನ್ ಎಂಬ ಶಕ್ತಿಶಾಲಿ ಕಾರಿನ ಮೇಲೆ ವಿಮಾನವನ್ನು ಕೂರಿಸಿದರು. ಲಾಂಗ್ ಐಲೆಂಡ್ ಮೋಟಾರ್ ಪಾರ್ಕ್‌ವೇ ರಸ್ತೆಯಲ್ಲಿ ಗಂಟೆಗೆ ಸುಮಾರು 130 ಕಿ.ಮೀ. ವೇಗದಲ್ಲಿ ಕಾರು ಓಡಿಸಿದರು. ಎದುರುಗಾಳಿ ಹಾರಾಟದಲ್ಲಿದ್ದಷ್ಟೇ ಇರುತ್ತಿತ್ತು, ಪಟ್ಟಿಗಳು ಹಾರಾಟದಲ್ಲಿದ್ದಂತೆಯೇ ಆಡುತ್ತಿದ್ದವು. ಆದರೆ ವಿಮಾನ ಬೀಳುವ ಮಾತೇ ಇರಲಿಲ್ಲ. ನಿಯಂತ್ರಣವನ್ನು ನಿಧಾನವಾಗಿ, ಅಳೆದು ಅಳೆದು ಹೊಂದಿಸಿದರು. ಯಂತ್ರದ ನಿಜವಾದ ಭಾಗವನ್ನಿಟ್ಟುಕೊಂಡು ಸುತ್ತಲಿನ ಪರಿಸ್ಥಿತಿಯನ್ನು ಮಾತ್ರ ನಾವೇ ಸೃಷ್ಟಿಸಿ ಪರೀಕ್ಷಿಸುವುದಕ್ಕೆ ಇಂದು ಹಾರ್ಡ್‌ವೇರ್ ಇನ್ ದ ಲೂಪ್ ಎನ್ನುತ್ತೇವೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಆ ಪಾತ್ರವನ್ನು ಒಂದು ಕಾರು ಮತ್ತು ಒಂದು ರಸ್ತೆ ನಿಭಾಯಿಸಿದವು.

1918ರ ಮಾರ್ಚ್ 6ರಂದು ಚಿಮ್ಮಿದ ವಿಮಾನ ಒಳಗೆ ಯಾರೂ ಇಲ್ಲದೆ ನೇರವಾಗಿ ಹಾರಿತು. ಗೊತ್ತುಮಾಡಿದ್ದ 1,000 ಗಜ, ಅಂದರೆ ಸುಮಾರು 900 ಮೀಟರ್ ಕ್ರಮಿಸಿ ಇಳಿಯಿತು.

ನಿಲ್ಲದೇ ಹೋದ ವಿಮಾನ

ಆದರೆ ನಾನು ಗೆಳೆಯರಿಗೆ ಹೆಚ್ಚಾಗಿ ಹೇಳುವುದು ಅದೇ ವರ್ಷದ ಅಕ್ಟೋಬರ್ 17ರ ಕಥೆಯನ್ನು. ಅಂದು ಎನ್-9 ವಿಮಾನವೊಂದನ್ನು ಪೈಲಟ್ ಇಲ್ಲದೆ ಹಾರಿಸಿದರು. ಚೆನ್ನಾಗಿ ಏರಿತು, ನೇರ ದಾರಿ ಹಿಡಿಯಿತು. ಸುಮಾರು 13 ಕಿ.ಮೀ. ಹೋದ ಮೇಲೆ ದೂರ ಅಳೆಯುವ ಭಾಗ ಅದನ್ನು ನಿಲ್ಲಿಸಬೇಕಿತ್ತು. ಆ ಭಾಗ ಕೆಲಸ ಮಾಡಲಿಲ್ಲ. ವಿಮಾನ ಪೂರ್ವಕ್ಕೆ ಹಾರುತ್ತಲೇ ಹೋಯಿತು, ಬೇಶೋರ್ ವಾಯುನೆಲೆಯ ಮೇಲೆ ಸುಮಾರು 1,200 ಮೀಟರ್ ಎತ್ತರದಲ್ಲಿ ಕೊನೆಯ ಸಲ ಕಂಡಿತು. ಮತ್ತೆಂದೂ ಸಿಗಲಿಲ್ಲ.

ಹಾರುವುದನ್ನು ಕಲಿಸಿದ್ದರು, ಸಮತೋಲನ ಕಲಿಸಿದ್ದರು. ನಿಲ್ಲುವುದಕ್ಕೆ ಒಂದೇ ಒಂದು ದಾರಿ ಇತ್ತು, ಅದೂ ಮುಚ್ಚಿಹೋಯಿತು. ಅಂದು ಆ ವಿಮಾನ ಯಾರ ಮನೆಯ ಮೇಲೂ ಬೀಳಲಿಲ್ಲ ಎಂಬುದು ಅದೃಷ್ಟ. ಅದೃಷ್ಟವನ್ನು ಟೆಸ್ಟ್ ರಿಪೋರ್ಟ್‌ನಲ್ಲಿ ಬರೆಯಲಾಗದು. ಇಂದಿನ ಡ್ರೋನ್‌ಗೆ ಸಿಗ್ನಲ್ ತಪ್ಪಿದರೆ ಹೊರಟ ಜಾಗಕ್ಕೆ ಮರಳುವ ವ್ಯವಸ್ಥೆ ಇರುತ್ತದೆ, ಗಡಿ ದಾಟದಂತೆ ಜಿಯೊಫೆನ್ಸ್ ಇರುತ್ತದೆ. ಕಾರ್ಖಾನೆಯ ರೋಬೊ ಪಕ್ಕದಲ್ಲಿ ಕೆಂಪು ಗುಂಡಿ ಇರುತ್ತದೆ. ಅವೆಲ್ಲ ಇದ್ದರಷ್ಟೇ ಸಾಲದು, ಅವೂ ಪರೀಕ್ಷೆಗೆ ಒಳಪಟ್ಟಿರಬೇಕು.

ನಮ್ಮ ಮಿನಿ ಪ್ರಾಜೆಕ್ಟ್‌ನಲ್ಲಿ ನಾವು ನಾಲ್ವರು ಸೇರಿ, ನೆಲದ ಕಪ್ಪು ಗೆರೆ ಹಿಡಿದು ಸಾಮಾನು ಸಾಗಿಸುವ ಪುಟ್ಟ ರೋಬೊ ಗಾಡಿ ಮಾಡಿದ್ದೇವೆ. ನಮ್ಮ ಗೈಡ್ ಮೇಡಂ ಡೆಮೊ ನೋಡುವ ಮೊದಲು ಒಂದು ಹಾಳೆಯ ಪಟ್ಟಿ ಕೇಳಿದರು. ಓಡುತ್ತಿರುವಾಗ ಸೆನ್ಸರ್ ವೈರ್ ಕಿತ್ತರೆ ಏನಾಗುತ್ತದೆ? ಬ್ಯಾಟರಿ ಅರ್ಧಕ್ಕೆ ಇಳಿದರೆ? ಎದುರಿಗೆ ಕಾಲು ಇಟ್ಟರೆ? ಪ್ರೋಗ್ರಾಂ ಸಿಕ್ಕಿಹಾಕಿಕೊಂಡರೆ ಮೋಟಾರ್ ಆಫ್ ಆಗುತ್ತದೆಯೇ? ಪ್ರತಿಯೊಂದಕ್ಕೂ ಹತ್ತು ಸಲ ಓಡಿಸಿ ಬರೆದುಕೊಂಡೆವು. ಗಾಡಿ ಕಟ್ಟಲು ಎರಡು ವಾರ ಹಿಡಿದರೆ ಈ ಹಾಳೆ ತುಂಬಲು ಮೂರು ವಾರ ಹಿಡಿಯಿತು. ಗಾಡಿಯ ಬಗ್ಗೆ ನಾವು ನಿಜವಾಗಿ ಕಲಿತದ್ದು ಆ ಮೂರು ವಾರಗಳಲ್ಲಿ.

ಮಂಜಿನಲ್ಲಿ ಮರೆ

ಯುದ್ಧ ಮುಗಿದ ಮೇಲೂ ಲಾರೆನ್ಸ್ ಸುಮ್ಮನೆ ಕೂರಲಿಲ್ಲ. ಅಪ್ಪನ ನೆರಳಿನಿಂದ ಹೊರಬಂದು ಸ್ವಂತ ವಿಮಾನ ಕಂಪನಿ ನಡೆಸಿದ. ವಿಮಾನ ತಿರುಗುತ್ತಿದೆಯೇ ಎಂದು ತೋರಿಸುವ ಗೈರೊ ಸೂಚಕವನ್ನು ರೂಪಿಸಿದ. ಮೋಡದೊಳಗೆ ಹೊಕ್ಕ ಪೈಲಟ್‌ಗೆ ನೆಲವೂ ಕಾಣದು, ಬಾನಂಚೂ ಕಾಣದು. ಕಿವಿಯೊಳಗಿನ ಸಮತೋಲನದ ಅಂಗ ನಿಧಾನದ ತಿರುವನ್ನು ಗುರುತಿಸದೆ ಮೋಸ ಮಾಡುತ್ತದೆ. ನೇರ ಹೋಗುತ್ತಿದ್ದೇನೆ ಎಂದುಕೊಂಡೇ ಸುರುಳಿ ಸುತ್ತಿ ನೆಲಕ್ಕೆ ಬಿದ್ದವರಿದ್ದಾರೆ. ಅಂಥಲ್ಲಿ ಮೈಯ ಮಾತು ಬಿಟ್ಟು ಉಪಕರಣದ ಮಾತು ಕೇಳಲು ಈ ಪುಟ್ಟ ಸೂಚಕ ನೆರವಾಯಿತು. ಅದು ಮುಂದೆ ವಿಮಾನಗಳ ಮೂಲ ಉಪಕರಣಗಳಲ್ಲೊಂದಾಯಿತು.

ಸೈನ್ಯಕ್ಕಾಗಿ ಮೆಸೆಂಜರ್ ಎಂಬ ಚಿಕ್ಕ ವಿಮಾನವನ್ನೂ ಆತನ ಕಂಪನಿ ಕಟ್ಟಿತು. ವಿನ್ಯಾಸ ಆಲ್ಫ್ರೆಡ್ ವರ್ವಿಲ್ ಅವರದು. ರೆಕ್ಕೆಯ ತುದಿಯಿಂದ ತುದಿಗೆ ಬರೀ 6 ಮೀಟರ್. 1922ರಲ್ಲಿ ಲಾರೆನ್ಸ್ ಇದನ್ನು ವಾಷಿಂಗ್ಟನ್‌ನ ಸಂಸತ್ ಭವನದ ಮುಂದೆಯೇ ಇಳಿಸಿ ಊರಿಗೆಲ್ಲ ಸುದ್ದಿಯಾದ.

1923ರ ಡಿಸೆಂಬರ್ 13ರಂದು ಅದೇ ಮೆಸೆಂಜರ್ ವಿಮಾನದಲ್ಲಿ ಒಬ್ಬನೇ ಇಂಗ್ಲೆಂಡ್‌ನಿಂದ ಹೊರಟ. ಇಂಗ್ಲಿಷ್ ಕಾಲುವೆಯ ಮೇಲೆ ಮಂಜು ಕವಿದಿತ್ತು. ಆತ ಆಚೆ ದಡ ಸೇರಲಿಲ್ಲ. ವಿಮಾನ ನೀರಿನಲ್ಲಿ ಸಿಕ್ಕಿತು. ದೇಹ ಸಿಕ್ಕಿದ್ದು 1924ರ ಜನವರಿ 11ರಂದು. ಮೂವತ್ತೊಂದು ತುಂಬಲು ಎಂಟು ದಿನ ಬಾಕಿಯಿತ್ತು. ಹೆಂಡತಿ, ಇಬ್ಬರು ಮಕ್ಕಳು ಇದ್ದರು. ಎಲ್ಮರ್ ಸ್ಪೆರ್ರಿ ಅವರು ಮಗನ ಸಾವಿನ ನಂತರ ಆರೂವರೆ ವರ್ಷ ಬದುಕಿದ್ದರು.

ಲಾರೆನ್ಸ್ ಬಿಟ್ಟುಹೋದ ಕೆಲಸ ನಿಲ್ಲಲಿಲ್ಲ. 1933ರಲ್ಲಿ ವೈಲಿ ಪೋಸ್ಟ್ ಒಬ್ಬಂಟಿಯಾಗಿ ಎಂಟು ದಿನದೊಳಗೆ ಭೂಮಿಯನ್ನು ಸುತ್ತಿ ಬಂದಾಗ ಆತನ ವಿಮಾನದಲ್ಲಿದ್ದದ್ದು ಸ್ಪೆರ್ರಿ ಕಂಪನಿಯ ಆಟೊಪೈಲಟ್. ದಾರಿಯಲ್ಲಿ ಅದು ಕೆಟ್ಟು ರಿಪೇರಿಗೆ ನಿಲ್ಲಬೇಕಾಯಿತು ನಿಜ, ಆದರೂ ಅದಿಲ್ಲದೆ ಒಬ್ಬನೇ ಅಷ್ಟು ದೂರ ಹಾರುವುದು ಕಷ್ಟವಿತ್ತು. 1947ರಲ್ಲಿ ಅಮೆರಿಕದ ಸಿ-54 ವಿಮಾನ ಏರುವುದರಿಂದ ಇಳಿಯುವವರೆಗೆ ಆಟೊಪೈಲಟ್‌ನಲ್ಲೇ ಅಟ್ಲಾಂಟಿಕ್ ದಾಟಿತು.

ಚಳ್ಳಕೆರೆಯ ರನ್‌ವೇ

ಇದೆಲ್ಲ ದೂರದ ಕಥೆ ಎನ್ನಬೇಡಿ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವಿದೆ. 2022ರ ಜುಲೈ 1ರಂದು ಬಾಲವಿಲ್ಲದ, ಪೈಲಟ್ ಇಲ್ಲದ ಪ್ರಾಯೋಗಿಕ ವಿಮಾನವೊಂದು ಅಲ್ಲಿ ತಾನೇ ಏರಿ ತಾನೇ ಇಳಿಯಿತು. 2023ರ ಏಪ್ರಿಲ್ 2ರಂದು ಇಸ್ರೊದ ಮರುಬಳಕೆ ವಾಹನವನ್ನು ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಾಗ ಅದು ತಾನಾಗಿ ರನ್‌ವೇಗೆ ಬಂದು ಇಳಿಯಿತು. 2024ರ ಮಾರ್ಚ್‌ನಲ್ಲಿ ರನ್‌ವೇಯ ನೇರಕ್ಕಿಂತ 150 ಮೀಟರ್ ಪಕ್ಕಕ್ಕೆ ಬಿಟ್ಟರು, ಜೂನ್‌ನಲ್ಲಿ 500 ಮೀಟರ್ ಪಕ್ಕಕ್ಕೆ. ಪ್ರತಿ ಸಲವೂ ಸ್ವಲ್ಪ ಹೆಚ್ಚು ಕಷ್ಟ ಕೊಟ್ಟು ನೋಡುವುದು. ಸೀನ್ ನದಿಯ ಮೂರು ಸುತ್ತುಗಳ ಕ್ರಮ ನಮ್ಮ ಬಯಲುಸೀಮೆಯಲ್ಲೂ ಕಾಣುತ್ತದೆ. 2023ರ ಆಗಸ್ಟ್‌ನಲ್ಲಿ ತಪಸ್ ಎಂಬ ಮಾನವರಹಿತ ವಿಮಾನ ಪರೀಕ್ಷೆಯ ವೇಳೆ ಹಿರಿಯೂರು ತಾಲ್ಲೂಕಿನ ಹೊಲವೊಂದರಲ್ಲಿ ಬಿದ್ದದ್ದೂ ಇದೇ ಜಿಲ್ಲೆಯಲ್ಲಿ. ಇಂಥ ಕೆಲಸಕ್ಕೆ ಅಷ್ಟು ವಿಶಾಲ ಬಯಲು ಯಾಕೆ ಬೇಕೆಂಬುದಕ್ಕೆ ಬೇರೆ ವಿವರಣೆ ಬೇಡ.

ಕ್ಯಾಂಪಸ್ ಇಂಟರ್ವ್ಯೂ ಸಮಯದಲ್ಲಿ ನಮ್ಮಲ್ಲೊಂದು ಮಾತು ಓಡಾಡುತ್ತದೆ. ಡೆವಲಪ್‌ಮೆಂಟ್ ಸಿಕ್ಕವರು ಗೆದ್ದವರು, ಟೆಸ್ಟಿಂಗ್ ಸಿಕ್ಕವರು ಹೇಗೋ ಪಾರಾದವರು. ಕಳೆದ ವರ್ಷ ನನ್ನ ಸೀನಿಯರ್ ಒಬ್ಬರಿಗೆ ಟೆಸ್ಟಿಂಗ್ ವಿಭಾಗದಲ್ಲಿ ಕೆಲಸ ಸಿಕ್ಕಾಗ ಅಭಿನಂದಿಸಿದವರಿಗಿಂತ ಸಮಾಧಾನ ಹೇಳಿದವರೇ ಹೆಚ್ಚು. ಆ ಸಮಾಧಾನ ಯಾಕೆ ಬೇಕಿತ್ತೋ ನನಗಂತೂ ತಿಳಿಯದು. ತಾನಾಗಿ ಓಡುವ ಯಂತ್ರ ಮಾಡುವವರು ಬಹಳ ಮಂದಿ ಬರುತ್ತಾರೆ. ಅದು ಮಗುವಿನ ಪಕ್ಕದಲ್ಲಿ ಓಡಬಹುದು ಎಂದು ಸಹಿ ಹಾಕುವವರು ಯಾರು?

ಆಸಕ್ತಿ ಇರುವವರಿಗೆ ದಾರಿಗಳಿವೆ. ಕಾರುಗಳ ಎಲೆಕ್ಟ್ರಾನಿಕ್ಸ್ ಸುರಕ್ಷತೆಗೆ ಐಎಸ್ಒ 26262, ವಿಮಾನದ ಸಾಫ್ಟ್‌ವೇರ್‌ಗೆ ಡಿಒ-178ಸಿ, ಕಾರ್ಖಾನೆಯ ರೋಬೊಗಳಿಗೆ ಐಎಸ್ಒ 10218 ಎಂಬ ಮಾನದಂಡಗಳಿವೆ. ಅವು ಏನು ಕೇಳುತ್ತವೆ ಎಂದು ತಿಳಿದುಕೊಳ್ಳಿ. ರೋಬೊ ಕೊಳ್ಳಲು ದುಡ್ಡಿಲ್ಲದಿದ್ದರೂ ಆರ್‌ಒಎಸ್, ಗೆಜೆಬೊ ತಂತ್ರಾಂಶಗಳು ಉಚಿತ; ಕಂಪ್ಯೂಟರ್‌ನಲ್ಲೇ ರೋಬೊ ಓಡಿಸಿ, ಬೇಕೆಂದೇ ಕೆಡಿಸಿ ನೋಡಬಹುದು. ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಗೆದ್ದ ಡೆಮೊ ಜೊತೆಗೆ ಸೋತ ಪರೀಕ್ಷೆಗಳ ಪಟ್ಟಿಯನ್ನೂ ಸೇರಿಸಿ. ಇಂಟರ್ವ್ಯೂನಲ್ಲಿ ಮಾತಾಡಲು ಅದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ.

ಮುಂದಿನ ಸೆಮಿಸ್ಟರ್‌ನಲ್ಲಿ ನಮಗೂ ಪ್ಲೇಸ್‌ಮೆಂಟ್ ಶುರು. ಫಾರಂನಲ್ಲಿ ಆಸಕ್ತಿಯ ಕ್ಷೇತ್ರ ಎಂಬ ಜಾಗದಲ್ಲಿ ನಾನು ಟೆಸ್ಟಿಂಗ್ ಎಂದೇ ಮೊದಲು ಬರೆಯುತ್ತೇನೆ.